ಭವಿಷ್ಯಕ್ಕೆ ಕಟ್ಟಿದ ಕೆಂಪು ಟ್ಯಾಗು

“ನಾಳೆ ಆಗೋದೆಲ್ಲ ಕಾಣೋ ಈ ಪುಣ್ಯಾತ್ಮನಿಗೆ, ಹಿಂದ್ಗಡೆ ದೊಣ್ಣೆ ಎತ್ಕೊಂಡು ನಿಂತಿರೋನು ಮಾತ್ರ ಯಾಕ್ರೀ ಕಾಣ್ಲಿಲ್ಲ?”

ನನಗೆ ಎರಡನೇ ನೌಕರಿ ಕೊಡಿಸಿದ್ದು ಈ ಒಂದು ಪ್ರಶ್ನೆ. ವೈಟ್‌ಫೀಲ್ಡಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಪರದೆ ಕಟ್ಟಿ ಸಿನಿಮಾ ಹಾಕಿದ್ದರು. ಭವಿಷ್ಯ ಕಾಣುವ ನಾಯಕ, ಅವನ ಬೆನ್ನು ಬಿದ್ದ ಖಳರು, ಕಾರುಗಳ ಓಟ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ನಾನು ಎದ್ದು ನಿಂತು ಹೀಗೆ ಕೇಳಿಬಿಟ್ಟೆ. ನಮ್ಮ ಯಜಮಾನರು ಸೆರಗು ಹಿಡಿದು ಎಳೆದರು. ನಾನು ಕೂರಲಿಲ್ಲ. ನಾಯಕನ ಶಕ್ತಿ ಖಳನಿಗೂ ಗೊತ್ತು. ಗೊತ್ತಿದ್ದೂ ತನ್ನ ಗುಟ್ಟನ್ನೆಲ್ಲ ನಾಯಕನ ಎದುರೇ ಯಾಕೆ ಬಾಯಿಬಿಡುತ್ತಾನೆ? ಮುಂದಿನ ವಾರದ ಸ್ಫೋಟ ಕಂಡವನಿಗೆ ಇವತ್ತಿನ ಟ್ರಾಫಿಕ್ಕು ಕಾಣಲಿಲ್ಲವೇ? ಚಾಕು ಹಿಡಿದ ಕೈ ಕಾಣುತ್ತದೆ, ಕೊಲೆಗಾರನ ಮುಖ ಮಾತ್ರ ಕಾಣುವುದಿಲ್ಲ; ಹಾಗಾದರೆ ಇವನು ನೋಡುತ್ತಿರುವುದು ಯಾರ ಕಣ್ಣಿನಿಂದ? ಒಂದೊಂದಾಗಿ ಕೇಳುತ್ತಾ ಹೋದೆ. ಸಿನಿಮಾ ಅರ್ಧಕ್ಕೇ ನಿಂತಿತು. ಮಕ್ಕಳು ಚಪ್ಪಾಳೆ ಹೊಡೆದರು, ದೊಡ್ಡವರು ಮುಖ ಗಂಟಿಕ್ಕಿಕೊಂಡರು.

ಹಿಂದಿನ ಸಾಲಿನಲ್ಲಿ ಕಾರ್ತಿಕ್ ಬಿದ್ದು ಬಿದ್ದು ನಗುತ್ತಿದ್ದ. ನಮ್ಮ ಮೇಲಿನ ಮಹಡಿಯವನು. ಫೋನಿನಲ್ಲಿ ಕೇಳುವ ಕನ್ನಡ ಧಾರಾವಾಹಿಗಳನ್ನು ತಯಾರಿಸುವ ಸಣ್ಣ ಕಂಪನಿಯನ್ನು ಆಗಷ್ಟೇ ಶುರು ಮಾಡಿದ್ದ.

“ಆಂಟಿ, ನಾಳೆ ನಮ್ಮ ಆಫೀಸಿಗೆ ಬನ್ನಿ. ನಮ್ಮ ಕಥೆಗಳಿಗೂ ಹಿಂಗೇ ಬೈರಿ” ಅಂದ.

“ತಮಾಷೆಗಾದ್ರೆ ಬರಲ್ಲ. ಕೆಲಸ ಅಂದ್ರೆ ಬರ್ತೀನಿ.”

“ಕೆಲಸಾನೇ ಆಂಟಿ.”

ಹೀಗೆ ನಾನು ಕಥೆಗಳ ತೂತು ಹುಡುಕುವವಳಾದೆ. ಹೋದ ತಿಂಗಳು ಅದರಿಂದಲೂ ನಿವೃತ್ತಿಯಾಯಿತು. ನನ್ನ ಕುರ್ಚಿಗೆ ಈಗ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಬಡ್ತಿ, ಹಾರ, ಶಾಲು ಇವನ್ನೆಲ್ಲ ಬಿಟ್ಟು ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಬರೆದುಕೊಡಿ ಅಂದರು. ಬರೆಯುತ್ತಿದ್ದೇನೆ. ಅಮ್ಮಂದಿರಾ, ಇಷ್ಟು ಮಜದ ಕೆಲಸ ಬೆಂಗಳೂರಿನಲ್ಲಿ ಇನ್ನೊಂದಿಲ್ಲ!

ಈ ಕೆಲಸವನ್ನು ನಾನು ಕಲಿತದ್ದು ಕಥೆ ಓದಿ ಅಲ್ಲ. ದಾವಣಗೆರೆಯಿಂದ ಮದುವೆಯಾಗಿ ಬಂದ ಮೇಲೆ ಇಪ್ಪತ್ತೆಂಟು ವರ್ಷ ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದೆ. ಯಂತ್ರದಿಂದ ಬಂದ ಪ್ರತಿ ಬಿಡಿಭಾಗವನ್ನೂ ಅಳೆದು ಇದು ಸರಿ, ಇದು ತಪ್ಪು ಎಂದು ಹೇಳುವುದು ನಮ್ಮ ಕೆಲಸ. ನಮ್ಮ ಮುಖ್ಯಸ್ಥರು ವೆಂಕಟೇಶಯ್ಯ ಸಾರ್. ದಪ್ಪ ಕನ್ನಡಕ, ಮೃದು ಮಾತು, ಕಬ್ಬಿಣದಂಥ ಮನುಷ್ಯ. ಮೊದಲ ದಿನವೇ ನನ್ನ ಕೈಗೆ ಒಂದು ಎರಕದ ತುಂಡನ್ನೂ ಸಣ್ಣ ಸುತ್ತಿಗೆಯನ್ನೂ ಕೊಟ್ಟರು.

“ಹೆಂಗಿದೆಯಮ್ಮ ಪೀಸು?”

“ಚೆನ್ನಾಗಿದೆ ಸಾರ್, ಹೊಳೀತಿದೆ.”

“ತಟ್ಟಿ ನೋಡು.”

ತಟ್ಟಿದೆ. ಒಂದು ಕಡೆ ಕಣಕಣ ಅಂದದ್ದು ಇನ್ನೊಂದು ಕಡೆ ಬೊದ್ದು ಬೊದ್ದು ಅಂದಿತು. ಸಾರ್ ಉಗುರಿನಿಂದ ಬಣ್ಣ ಕೆರೆದರು. ಒಳಗೆ ಹೆಬ್ಬೆರಳು ಹೋಗುವಷ್ಟು ತೂತು! ಎರಕ ಹೊಯ್ದವರು ಅದಕ್ಕೆ ತೂತು ಮೆತ್ತುವ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದರು. ಅವತ್ತಿನಿಂದ ನಾನು ಯಾವ ಹೊಳಪನ್ನೂ ತಟ್ಟದೆ ನಂಬಿದವಳಲ್ಲ. ಸೀರೆ ಅಂಗಡಿಯಲ್ಲೂ ನಂಬುವುದಿಲ್ಲ.

ತಪ್ಪಿರುವ ಮಾಲಿಗೆ ಕೆಂಪು ಟ್ಯಾಗು ಕಟ್ಟುತ್ತಿದ್ದೆವು. ರಟ್ಟಿನ ಚೀಟಿ, ಅದಕ್ಕೊಂದು ದಾರ, ಅದರ ಮೇಲೆ ಕಟ್ಟಿದವರ ಸಹಿ. ಒಂದೇ ಒಂದು ಕಟ್ಟಳೆ: ಕಟ್ಟಿದವರೇ ಬಿಚ್ಚಬೇಕು. ಮ್ಯಾನೇಜರ್ ಬರಲಿ, ಮಾಲೀಕರೇ ಬರಲಿ, ಬೇರೆ ಯಾರೂ ಆ ದಾರ ಮುಟ್ಟುವ ಹಾಗಿಲ್ಲ. ಇನ್ನೊಂದು ದಾರಿಯೂ ಇತ್ತು, ಅದಕ್ಕೆ ಡೀವಿಯೇಷನ್ ಅನ್ನುತ್ತಿದ್ದೆವು. ಅಳತೆ ಕೂದಲೆಳೆಯಷ್ಟು ತಪ್ಪಿದೆ, ಆದರೆ ಜೋಡಿಸಿದಾಗ ಸರಿಯಾಗಿ ಕೂರುತ್ತದೆ, ಯಾರಿಗೂ ಅಪಾಯವಿಲ್ಲ ಎಂದಾದರೆ ಕಾರಣ ಬರೆದು ಸಹಿ ಹಾಕಿ ಬಿಡುವುದು.

ಈ ಎರಡನ್ನೂ ನಾನು ಕಾರ್ತಿಕ್ ಆಫೀಸಿಗೆ ಹೊತ್ತು ತಂದೆ. ಮೊದಲ ವಾರವೇ ಒಂದು ಕಟ್ಟು ಕೆಂಪು ಟ್ಯಾಗು ಮಾಡಿಸಿ, ಪ್ರಿಂಟು ತೆಗೆದ ಸ್ಕ್ರಿಪ್ಟುಗಳಿಗೆ ತೂತು ಹೊಡೆದು ಕಟ್ಟತೊಡಗಿದೆ. ಬರೆಯುವ ಹುಡುಗರು ಗಾಬರಿಯಾದರು.

ಆರಂಭದಲ್ಲಿ ನಾನು ಅತಿರೇಕ ಮಾಡಿದ್ದು ಹೌದು. ಒಂದು ಪ್ರೇಮಕಥೆಯಲ್ಲಿ ನಾಯಕಿ ಬೊಮ್ಮಸಂದ್ರದಲ್ಲಿ ಐದಕ್ಕೆ ಶಿಫ್ಟ್ ಮುಗಿಸಿ ಬಸ್ಸು ಹತ್ತಿ ಐದೂವರೆಗೆ ಪೀಣ್ಯದಲ್ಲಿ ನಾಯಕನ ತೋಳಿಗೆ ಬೀಳುತ್ತಿದ್ದಳು. ನಾನು ಟ್ಯಾಗು ಕಟ್ಟಿದೆ. ಬರೆದವನು ಅಳುವುದೊಂದು ಬಾಕಿ. “ಮೇಡಂ, ಅದು ಪ್ರೀತಿ ಕಣ್ರೀ!” ಅಂದ. “ಪ್ರೀತಿ ಇರ್ಲಪ್ಪ, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಎಲ್ಲಿಗೆ ಹೋಯ್ತು?” ಅಂದೆ. ಮೂರು ದಿನ ಜಗಳವಾಡಿದೆವು. ಕೊನೆಗೆ ನಾನೇ ಅದನ್ನು ಡೀವಿಯೇಷನ್ ಮೇಲೆ ಬಿಟ್ಟೆ. ಕೇಳುಗರಲ್ಲಿ ಒಬ್ಬರೂ ಬಸ್ಸಿನ ಬಗ್ಗೆ ಕೇಳಲಿಲ್ಲ, ಎಲ್ಲರೂ ಮದುವೆ ಯಾವಾಗ ಎಂದು ಕೇಳಿದರು. ಯಾವ ತೂತು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ತಿಳಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಭವಿಷ್ಯ ಕಾಣುವ ಕಥೆಗಳೆಂದರೆ ಮಾತ್ರ ನನಗೆ ಹಬ್ಬ! ದೆವ್ವದ ಕಥೆಯಲ್ಲಿ ದೆವ್ವ ಹೇಳಿದ್ದೇ ನಿಯಮ, ಕೇಳುವವರಿಲ್ಲ. ಭವಿಷ್ಯದ ಕಥೆ ಹಾಗಲ್ಲ, ಗೇಜಿನ ಹಾಗೆ. ನಮ್ಮಲ್ಲಿ ರಂಧ್ರದ ಅಳತೆ ನೋಡಲು ಎರಡು ತುದಿಯ ಗೇಜು ಇತ್ತು. ಒಂದು ತುದಿ ಒಳಗೆ ಹೋಗಲೇಬೇಕು, ಇನ್ನೊಂದು ಹೋಗಲೇಬಾರದು. ಭವಿಷ್ಯದ ಕಥೆಗೂ ನನ್ನ ಗೇಜು ಅಂಥದೇ. ಒಂದು ತುದಿ: ಕಂಡದ್ದು ನಿಜವಾಗಿಯೂ ಮುಂದೆ ನಡೆಯುವಂಥದ್ದಾಗಿರಬೇಕು. ಇನ್ನೊಂದು ತುದಿ: ನಡೆದೇ ತೀರುವುದಾದರೆ ನಾಯಕ ಓಡಾಡುವುದೆಲ್ಲ ದಂಡ. ಈ ಎರಡರ ನಡುವೆ ಕಥೆಯನ್ನು ಕೂರಿಸುವುದು ಎಷ್ಟು ಕಷ್ಟ, ಕೂತಾಗ ಎಷ್ಟು ಖುಷಿ ಎಂದು ನಿಮಗೂ ಗೊತ್ತಾಗುತ್ತದೆ.

ಅಂಥದೊಂದು ಕಥೆ ಬರೆದವಳು ನೇತ್ರಾ. ರಾಣೆಬೆನ್ನೂರಿನ ಕಡೆಯವಳು, ಮೂವತ್ತರ ಆಸುಪಾಸು, ಕೂತಲ್ಲಿ ಕೂರದ ಹೆಣ್ಣು. ಅವಳ ಧಾರಾವಾಹಿಯ ನಾಯಕಿ ಚಂದ್ರಿಕಾ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಕೆಲಸಕ್ಕೆ ಹೋಗುವ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ನಾಳೆಯ ಒಂದು ತುಣುಕು ಕಾಣುತ್ತದೆ. ನಾನು ಮೊದಲ ದಿನವೇ ಕೇಳಿದೆ, “ಯಾರ ಕಣ್ಣಿಂದ?” ನೇತ್ರಾ ಒಂದು ರಾತ್ರಿ ಯೋಚಿಸಿ ಬಂದು, “ಅವಳ ಕಣ್ಣಿಂದನ ರೀ ಮೇಡಂ. ನಾಳೆ ಅವಳ ಕಣ್ಣು ಏನು ನೋಡ್ತಾವೋ ಅಷ್ಟ” ಅಂದಳು. ನಾನು ಕುರ್ಚಿಯಿಂದ ಎದ್ದು ಅವಳ ಕೈ ಕುಲುಕಿದೆ. ಅಂಥ ಖಡಕ್ ನಿಯಮ!

ಧಾರಾವಾಹಿ ಜನಕ್ಕೆ ಹಿಡಿಸಿತು. ಪೀಣ್ಯ, ಬೊಮ್ಮಸಂದ್ರದ ಶಿಫ್ಟಿನವರು ಬಸ್ಸಿನಲ್ಲಿ ಕೇಳುತ್ತಿದ್ದರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಊಟದ ಹೊತ್ತಿಗೆ ಕೇಳುತ್ತಿದ್ದರು.

ಹದಿನಾಲ್ಕನೇ ಕಂತಿನಲ್ಲಿ ಚಂದ್ರಿಕಾಗೆ ಕಾರ್ಖಾನೆಯ ವಾಚ್‌ಮನ್ ತಾತ ಕಾಣುತ್ತಾನೆ. ಹಿಂದಕ್ಕೆ ಬಂದ ಲಾರಿಗೆ ಸಿಕ್ಕಿ ಗೇಟಿನ ಬಳಿ ಬಿದ್ದಿದ್ದಾನೆ. ಅವಳು ಯಾರಿಗೂ ಹೇಳುವುದಿಲ್ಲ. ಮಾರನೆಯ ದಿನ ತಾತ ಹಾಗೆಯೇ ಸಾಯುತ್ತಾನೆ. ನಾನು ಆ ಕಂತಿಗೆ ಟ್ಯಾಗು ಕಟ್ಟಿದೆ. ಯಾಕೆ ಹೇಳಲಿಲ್ಲ?

“ಕಂಡದ್ದು ತಪ್ಪೂದಿಲ್ಲ ಅಂತ ಅವಳು ನಂಬ್ಯಾಳ್ರಿ. ಹಿಂದ ಎರಡು ಸಲ ಕಂಡಿದ್ದು ಹಂಗ ಆಗೇತಿ” ಅಂದಳು ನೇತ್ರಾ.

ರೆಕಾರ್ಡಿಂಗಿಗೆ ಧ್ವನಿ ಕಲಾವಿದರು ಬಂದು ಕಾಯುತ್ತಿದ್ದರು. ಕಾರ್ತಿಕ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ನಾನು ದಾರ ಬಿಚ್ಚಿದೆ. ನನ್ನ ಎರಡನೇ ನೌಕರಿಯ ದೊಡ್ಡ ತಪ್ಪು ಅದು. ಮೊದಲನೇ ನೌಕರಿಯ ದೊಡ್ಡ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ.

ಪೀಣ್ಯದಲ್ಲಿ ಭಾರ ಎತ್ತುವ ಕೊಕ್ಕೆ ಸರಪಣಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದೂ ನಮ್ಮ ಪಾಲಿಗೆ ಇತ್ತು. ಒಂದು ವರ್ಷ ಪ್ರೆಸ್ ವಿಭಾಗದ ಕೊಕ್ಕೆಗೆ, ಬಿರುಕಿದ್ದರೆ ಒಳಗಿಳಿದು ಉಳಿಯುವ ಕೆಂಪು ಬಣ್ಣ ಹಚ್ಚಿ ಒರೆಸಿ ನೋಡಿದರೆ ಕತ್ತಿನ ಬಳಿ ಕೂದಲಿನಂಥ ಕೆಂಪು ಗೆರೆ ಕಂಡಿತು. ಬಿರುಕು. ಟ್ಯಾಗು ಕಟ್ಟಿದೆ. ವೆಂಕಟೇಶಯ್ಯ ಸಾರ್ ಆ ವಾರ ರಜೆಯಲ್ಲಿದ್ದರು. ತಿಂಗಳ ಕೊನೆ, ಮಾಲು ಕಳಿಸುವ ಗಡಿಬಿಡಿ. ಪ್ರೊಡಕ್ಷನ್ ಮ್ಯಾನೇಜರ್ ಬಂದು, “ಎರಡೇ ದಿನ ಗಿರಿಜಾ, ಹೊಸ ಕೊಕ್ಕೆ ಬರ್ತಾ ಇದೆ. ಡೀವಿಯೇಷನ್ ಅಂದ್ಕೊಂಡು ಬಿಚ್ಚಮ್ಮ. ನೀನೇ ಬಿಚ್ಚಬೇಕಲ್ಲ” ಅಂದರು. ನಾನು ಬಿಚ್ಚಿ ಪರ್ಸಿಗೆ ಹಾಕಿಕೊಂಡೆ. ಎರಡನೇ ದಿನ ಕೊಕ್ಕೆ ಮುರಿದು, ಎತ್ತಿದ್ದ ಅಚ್ಚು ಪ್ರೆಸ್ ಆಪರೇಟರ್ ರಂಗಪ್ಪನವರ ಎಡಗಾಲಿನ ಮೇಲೆ ಬಿತ್ತು. ಪಾದ ಹೋಯಿತು. ವಿಚಾರಣೆಯಲ್ಲಿ ‘ಮಿತಿಗಿಂತ ಹೆಚ್ಚು ಭಾರ ಎತ್ತಿದ್ದರಿಂದ’ ಎಂದು ಬರೆದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಟ್ಯಾಗು ಇವತ್ತಿಗೂ ನನ್ನ ಪರ್ಸಿನ ಒಳಗಿನ ಜೇಬಿನಲ್ಲಿದೆ. ಪರ್ಸು ಬದಲಾದಾಗಲೆಲ್ಲ ಅದೂ ಬದಲಾಗುತ್ತದೆ.

ಈಗ ನೇತ್ರಾಳ ಕಥೆಗೆ ಬರೋಣ. ಇನ್ನೂರ ಹತ್ತನೆಯದು ಕೊನೆಯ ಕಂತು. ಚಂದ್ರಿಕಾಗೆ ತನ್ನ ತಂಗಿ ಲತಾ ಕಾರ್ಖಾನೆಯ ಬೆಂಕಿಯಲ್ಲಿ ಸಿಕ್ಕಿಕೊಂಡದ್ದು ಕಾಣುತ್ತದೆ. ಅವಳು ಓಡಿಹೋಗಿ ಅಪಾಯದ ಗಂಟೆ ಒತ್ತುತ್ತಾಳೆ, ಎಲ್ಲರನ್ನೂ ಹೊರಗೆ ಎಳೆಯುತ್ತಾಳೆ, ತಂಗಿ ಉಳಿಯುತ್ತಾಳೆ. ‘ತಂಗಿಯನ್ನು ಉಳಿಸಿ ವಿಧಿಯನ್ನೇ ಗೆದ್ದ ಹುಡುಗಿ’ ಎಂದು ಪ್ರೋಮೋ ಕೂಡ ಹೊರಬಿತ್ತು. ನಾನು ಸ್ಕ್ರಿಪ್ಟು ಓದಿ ಕಣ್ಣೊರೆಸಿಕೊಂಡೆ. ಆಮೇಲೆ ತಟ್ಟಿದೆ. ಬೊದ್ದು ಅಂದಿತು! ಟ್ಯಾಗು ಕಟ್ಟಿದೆ. ತಂಗಿ ಬೆಂಕಿಗೆ ಸಿಗಲೇ ಇಲ್ಲ ಎಂದಮೇಲೆ ಚಂದ್ರಿಕಾಳ ಕಣ್ಣು ಅದನ್ನು ನೋಡಲೇ ಇಲ್ಲ. ನೋಡದೆ ಇದ್ದದ್ದು ಹಿಂದಿನ ದಿನ ಹೇಗೆ ಕಂಡಿತು?

ನೇತ್ರಾ ತಲೆ ಕೆರೆದುಕೊಂಡಳು. “ತಂಗಿ ಮ್ಯಾಲಿನ ಪ್ರೀತಿಯಿಂದ ಅವಳ ಶಕ್ತಿ ಬೆಳೀತು ಅಂದ್ರ ಹೆಂಗ್ರಿ?”

“ಇದು ತೂತಿಗೆ ಮೆತ್ತೋ ಪುಟ್ಟಿ!” ಅಂತ ಕೂಗಿದೆ. ಪಕ್ಕದ ರೂಮಿನವರೂ ತಿರುಗಿ ನೋಡಿದರು.

ಅಷ್ಟರಲ್ಲಿ ಪ್ರೋಮೋ ಕೆಳಗೆ ಒಬ್ಬ ಕೇಳುಗ ಧ್ವನಿಸಂದೇಶ ಹಾಕಿದ್ದ. ಹೆಸರು ಮಲ್ಲಪ್ಪ, ಕೊಪ್ಪಳದ ಕಡೆಯವನು, ರಾಜಗೋಪಾಲನಗರದಲ್ಲಿ ರೂಮು ಮಾಡಿಕೊಂಡು ಪೀಣ್ಯದಲ್ಲಿ ಲೇತ್ ಯಂತ್ರ ಓಡಿಸುತ್ತಾನಂತೆ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು.

“ಅಕ್ಕಾರ, ನಮಸ್ಕಾರ್ರಿ. ಒಂದ ಮಾತು ಕೇಳ್ತೀನಿ. ತಂಗೀನ ಉಳಸಾಕ ಬರ್ತೈತಿ ಅಂದ್ರ ತಾತನ್ನೂ ಉಳಸಾಕ ಬರ್ತಿತ್ತಲ್ರಿ? ಮತ್ತ ಆ ಮುದುಕ ಯಾಕ ಸತ್ತ? ಮೂರು ದಿನ ಆತು, ನನಗ ನಿದ್ದಿ ಬರವಲ್ದು. ಹೇಳ್ರಿ.”

ನಾನು ಅದನ್ನು ಮೂರು ಸಲ ಕೇಳಿದೆ. ಮೊದಲು ಖುಷಿಯಾಯಿತು. ನಾನು ಕಂಡದ್ದಕ್ಕಿಂತ ದೊಡ್ಡ ತೂತನ್ನು ಪೀಣ್ಯದ ಲೇತಿನವನೊಬ್ಬ ಕಿವಿಯಿಂದಲೇ ಹಿಡಿದಿದ್ದ! ಆಮೇಲೆ ಪರ್ಸಿನ ಒಳಗಿನ ಜೇಬನ್ನು ಮುಟ್ಟಿ ನೋಡಿಕೊಂಡೆ. ಇಯರ್‌ಫೋನ್ ಹಾಕಿಕೊಂಡು ಯಂತ್ರ ಓಡಿಸಬೇಡಪ್ಪ ಎಂದು ಮಾತ್ರ ಉತ್ತರ ಕಳಿಸಿದೆ.

ಆ ಹೊತ್ತಿಗೆ ನಮ್ಮ ಆಫೀಸಿಗೆ ಕಥೆ ಪರೀಕ್ಷಿಸುವ ಎಐ ಬಂದಿತ್ತು. ಅದನ್ನು ನಾನು ಬೈಯುವುದಿಲ್ಲ. ನಾನು ತಿಂಗಳುಗಟ್ಟಲೆ ಹುಡುಕುತ್ತಿದ್ದ ಸೀರೆ ಬಣ್ಣ, ವಯಸ್ಸು, ವಾರಗಳ ತಪ್ಪುಗಳನ್ನು ಚಹಾ ಕುಡಿಯುವುದರೊಳಗೆ ಪಟ್ಟಿ ಮಾಡಿಕೊಡುತ್ತಿತ್ತು. ತಾತನ ವಿಷಯ ಕೇಳಿದೆ. ‘ಕಾಲಕ್ರಮ ಸರಿಯಿದೆ, ನಾಯಕಿಯ ಶಕ್ತಿ ಬೆಳೆದಿದೆ ಎಂದು ವಿವರಿಸಬಹುದು’ ಎಂದಿತು. ಅದಕ್ಕೂ ಪುಟ್ಟಿಯ ಚಾಳಿ ಹತ್ತಿತ್ತು.

ಕಾರ್ತಿಕ್ ನಮ್ಮಿಬ್ಬರನ್ನೂ ಕರೆದ.

“ಆಂಟಿ, ಶುಕ್ರವಾರ ರೆಕಾರ್ಡಿಂಗ್. ಬುಧವಾರ ಸಂಜೆಯೊಳಗೆ ನಿಮ್ಮ ಟ್ಯಾಗ್ ಬಿಚ್ಚಿರ್ಬೇಕು. ಇಲ್ಲಾಂದ್ರೆ ಬೇರೆ ರೈಟರ್ ಕೈಲಿ ಮುಗಿಸ್ತೀನಿ. ಸಾರಿ ನೇತ್ರಾ, ಕೊನೇ ಎಪಿಸೋಡಲ್ಲಿ ನಿಮ್ಮ ಹೆಸರೂ ಇರಲ್ಲ.”

ಇನ್ನೂರ ಒಂಬತ್ತು ಕಂತು ಹೆತ್ತವಳಿಗೆ ಇನ್ನೂರ ಹತ್ತನೆಯದರಲ್ಲಿ ಹೆಸರಿಲ್ಲ! ನಾನು ಟ್ಯಾಗು ಬಿಚ್ಚಿದ್ದರೆ ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ನೇತ್ರಾ ನನ್ನ ಕೈಯನ್ನೇ ನೋಡುತ್ತಾ ನಿಂತಳು.

“ಬಾ, ಕಾರ್ಡು ಬರೆಯೋಣ” ಅಂದೆ.

ಕಾರ್ಖಾನೆಯಲ್ಲಿ ಪ್ರತಿ ಪೀಸಿನ ಜೊತೆ ಒಂದು ಕಾರ್ಡು ಹೋಗುತ್ತಿತ್ತು. ಯಾವ ಯಂತ್ರಕ್ಕೆ ಹೋಯಿತು, ಯಾರು ಮುಟ್ಟಿದರು, ಏನಾಯಿತು ಎಲ್ಲ ಅದರಲ್ಲಿರುತ್ತಿತ್ತು. ಹಾಗೆಯೇ ಚಂದ್ರಿಕಾಗೆ ಕಂಡ ಒಂದೊಂದು ದೃಶ್ಯಕ್ಕೂ ಒಂದೊಂದು ಕಾರ್ಡು. ಏನು ಕಂಡಳು, ಕಂಡ ಮೇಲೆ ಏನು ಮಾಡಿದಳು, ಕೊನೆಗೆ ಏನಾಯಿತು. ಸೋಮವಾರ, ಮಂಗಳವಾರ ಎರಡು ಹಗಲು ಕೂತು ಬರೆದೆವು. ನಲವತ್ತೊಂದು ಕಾರ್ಡು. ಮೀಟಿಂಗ್ ರೂಮಿನ ಉದ್ದ ಟೇಬಲ್ಲಿನ ಮೇಲೆ ಹರಡಿದೆವು.

ಕಂಡದ್ದೇ ನಡೆದವು ಒಂದು ಕಡೆ, ನಡೆಯದೆ ಹೋದವು ಇನ್ನೊಂದು ಕಡೆ ಎಂದು ಬೇರೆ ಮಾಡುತ್ತಾ ಹೋದೆ. ನಡೆಯದೆ ಹೋದವೂ ಇದ್ದವು! ಮೂವತ್ತನೇ ಕಂತಿನಲ್ಲಿ ತಂಗಿಯ ಟಿಫನ್ ಡಬ್ಬಿ ಬಸ್ಸಿನಲ್ಲಿ ಚೆಲ್ಲುವುದು ಕಂಡಿತ್ತು. ಮಾರನೆಯ ದಿನ ಚಂದ್ರಿಕಾ ತಾನೇ ಡಬ್ಬಿ ಹಿಡಿದುಕೊಂಡಳು, ಚೆಲ್ಲಲಿಲ್ಲ. ಎಪ್ಪತ್ತೆರಡರಲ್ಲಿ ಸೂಪರ್‌ವೈಸರ್ ಮೆಟ್ಟಿಲಲ್ಲಿ ಜಾರುವುದು ಕಂಡಿತ್ತು. ನೀರು ಒರೆಸಿದಳು, ಜಾರಲಿಲ್ಲ. ಅಂಥ ಕಡೆಯೆಲ್ಲ ನೇತ್ರಾ ‘ಇವತ್ತು ತಪ್ಪಾಗಿ ಕಂಡಿತ್ತೇನೋ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದಳು, ನಾನು ಸಣ್ಣ ವಿಷಯ ಎಂದು ಬಿಟ್ಟಿದ್ದೆ. ಈಗ ಎರಡು ಗುಂಪಿನ ಕಾರ್ಡುಗಳ ಮಧ್ಯದ ಸಾಲನ್ನು ಓದಿದೆ. ಕಂಡ ಮೇಲೆ ಏನು ಮಾಡಿದಳು? ನಡೆದವುಗಳಲ್ಲೆಲ್ಲ ಒಂದೇ ಬಗೆಯ ಉತ್ತರ. ಅತ್ತಳು. ಹರಕೆ ಹೊತ್ತಳು. ಸುಮ್ಮನಿದ್ದಳು. ನಡೆಯದವುಗಳಲ್ಲೆಲ್ಲ ತಾನೇ ಕೈ ಹಾಕಿ ಏನಾದರೂ ಮಾಡಿದ್ದಳು. ಒಂದೂ ತಪ್ಪಿಲ್ಲ, ನಲವತ್ತೊಂದರಲ್ಲಿ ಒಂದೂ!

“ನೇತ್ರಾ! ಅವಳಿಗೆ ಕಾಣೋದು ನಾಳೆಯಲ್ಲ ಕಣೇ! ತಾನು ಸುಮ್ನಿದ್ರೆ ತನ್ನ ಕಣ್ಣು ಏನು ನೋಡುತ್ತೋ ಅದು!”

ನೇತ್ರಾ ಕಾರ್ಡುಗಳ ಮೇಲೆ ಬಗ್ಗಿ ಎರಡೆರಡು ಸಲ ಓದಿದಳು. “ಅಯ್ಯೋ, ಇಷ್ಟು ದಿವಸ ನಾನ ಬರದೀನಿ, ನನಗ ಗೊತ್ತಾಗಿಲ್ಲಲ್ರಿ ಮೇಡಂ!” ಎಂದು ನನ್ನನ್ನು ಅಪ್ಪಿಕೊಂಡಳು. ಇಬ್ಬರೂ ಕುಣಿದೆವು. ಅರವತ್ತು ದಾಟಿದ ಮಂಡಿ ನೋವನ್ನು ಮರೆತು ನಾನು ಕುಣಿದೆ. ಇನ್ನೂರ ಹತ್ತು ಕಂತಿನ ಕಥೆಯೊಳಗೆ ಯಾರೂ ಇಡದ ನಿಯಮವೊಂದು ತಾನಾಗಿ ಬೆಳೆದು ಕೂತಿತ್ತು. ಗೇಜಿನ ಎರಡು ತುದಿಗೂ ಸರಿಹೋಯಿತು. ನನ್ನ ಜೀವಮಾನದಲ್ಲಿ ಅಂಥ ಪೀಸು ನೋಡಿರಲಿಲ್ಲ.

ಕುಣಿದು ಕೂತ ಮೇಲೆ ನೇತ್ರಾಳೇ ಹದಿನಾಲ್ಕನೇ ಕಂತಿನ ಕಾರ್ಡು ಎತ್ತಿಕೊಂಡಳು.

“ಹಂಗಾದ್ರ ತಾತ ಉಳೀತಿದ್ದ.”

“ಹೌದು.”

“ಇವಳು ಸುಮ್ನಿದ್ದಿದ್ದಕ್ಕ ಸತ್ತ.”

“ಹೌದು ನೇತ್ರಾ.”

ಕಾರ್ತಿಕ್‌ಗೆ ಹೇಳಿದೆವು. ನಿಯಮ ಕೇಳಿ ಅವನೂ ಸೀಟಿ ಹೊಡೆದ. ತಾತನ ಮಾತು ಬಂದಾಗ ಮಾತ್ರ, “ಅದನ್ನ ಎತ್ತಬೇಡಿ ಆಂಟಿ. ಗೆದ್ದಿರೋ ಹೀರೋಯಿನ್ನ ಕೊನೇಲಿ ತಪ್ಪಿತಸ್ಥೆ ಮಾಡ್ತೀರಾ? ಯಾರಿಗೂ ನೆನಪಿರಲ್ಲ” ಅಂದ. ನಾನು ಮಲ್ಲಪ್ಪನ ಧ್ವನಿ ಹಾಕಿ ಕೇಳಿಸಿದೆ. ಕಾರ್ತಿಕ್ ಉಗುರು ಕಚ್ಚುತ್ತಾ ನಿಂತು, “ಬುಧವಾರ ಸಂಜೆ. ಬರೆದು ತೋರ್ಸಿ, ನೋಡೋಣ” ಎಂದು ಹೋದ.

ಬುಧವಾರ ಬೆಳಗ್ಗೆ ನೇತ್ರಾ ಖಾಲಿ ಹಾಳೆ ಹಿಡಿದು ನನ್ನೆದುರು ಕೂತಳು. ಕಣ್ಣು ಕೆಂಪಾಗಿತ್ತು.

“ತಂಗಿ ಉಳದ್ಲು, ಎಲ್ಲಾರೂ ಹೊಗಳಿದ್ರು. ಇವಳಿಗೆ ಗೊತ್ತಾತು, ತಾತನ್ನೂ ಉಳಸಬಹುದಿತ್ತು ಅಂತ. ಆಮ್ಯಾಲೆ? ಅಂಥಾಕಿ ಏನು ಮಾಡ್ತಾಳ ಮೇಡಂ? ಸುಳ್ಳ ಬರದ್ರ ನೀವು ತಟ್ಟಿ ಹಿಡಿತೀರಿ. ನನಗ ಖರೇನ ಗೊತ್ತಿಲ್ಲ.”

ನನಗೆ ಗೊತ್ತಿತ್ತು. ಪರ್ಸು ತೆಗೆದೆ. ಒಳಗಿನ ಜೇಬಿನಿಂದ ಟ್ಯಾಗು ತೆಗೆದು ಮೇಜಿನ ಮೇಲೆ ಇಟ್ಟೆ. ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು, ದಾರ ಹಾಗೇ ಇತ್ತು. ಕೊಕ್ಕೆ, ಬಿರುಕು, ರಂಗಪ್ಪನವರ ಕಾಲು, ವಿಚಾರಣೆಯ ಸುಳ್ಳು, ಎಲ್ಲ ಹೇಳಿದೆ. ಯಜಮಾನರಿಗೂ ಹೇಳಿರದ ಮಾತು. ಹೇಳುತ್ತಾ ಅತ್ತುಬಿಟ್ಟೆ. ಅಂಥವಳು ಹೇಗೆ ಬದುಕುತ್ತಾಳೆ ಎಂದೂ ಹೇಳಿದೆ. ಎಲ್ಲರ ತೂತು ಹುಡುಕುತ್ತಾಳೆ, ಎಲ್ಲರ ಮೇಲೂ ರೇಗುತ್ತಾಳೆ, ಸಿನಿಮಾದ ಮಧ್ಯೆ ಎದ್ದು ನಿಂತು ಕೂಗುತ್ತಾಳೆ.

“ನಿಮಗ ಏನು ಮಾಡಬೇಕು ಅನ್ನಿಸ್ತಿತ್ತು?” ಎಂದು ನೇತ್ರಾ ಮೆಲ್ಲಗೆ ಕೇಳಿದಳು.

“ಅವರ ಮನೆಗೆ ಹೋಗಿ ಹೇಳ್ಬೇಕು ಅಂತ. ಬೇರೇನೂ ಅಲ್ಲ.”

ಅವಳು ಬರೆಯಲು ಶುರು ಮಾಡಿದಳು. ನಾಲ್ಕು ಗಂಟೆಗೆ ಮುಗಿಸಿದಳು. ತಂಗಿ ಉಳಿಯುತ್ತಾಳೆ, ಜನ ಚಂದ್ರಿಕಾಳನ್ನು ಎತ್ತಿ ಮೆರೆಸುತ್ತಾರೆ. ಆ ಸದ್ದಿನಿಂದ ತಪ್ಪಿಸಿಕೊಂಡು ಅವಳು ತಾತನ ಮನೆ ಹುಡುಕಿಕೊಂಡು ಹೋಗಿ, ಅವನ ಹೆಂಡತಿಯ ಎದುರು ಕೂತು, ‘ನನಗೆ ಹಿಂದಿನ ದಿನವೇ ಗೊತ್ತಿತ್ತಮ್ಮ’ ಅನ್ನುತ್ತಾಳೆ. ಅಷ್ಟೇ. ನಾನು ತಟ್ಟಿ ನೋಡಿದೆ. ಎಲ್ಲಿ ತಟ್ಟಿದರೂ ಕಣಕಣ ಅಂದಿತು. ಕಾರ್ತಿಕ್ ನಿಂತೇ ಓದಿದ, ಓದುತ್ತಾ ಕೂತ. “ಬಿಚ್ಚಿ ಆಂಟಿ ಟ್ಯಾಗು” ಅಂದ. ನಾನು ಬಿಚ್ಚಿದೆ. ನೇತ್ರಾ ಹೆಸರಿನಲ್ಲೇ ಶುಕ್ರವಾರ ರೆಕಾರ್ಡ್ ಆಯಿತು.

ಕಂತು ಹೊರಬಿದ್ದ ದಿನ ನಮ್ಮ ಆಫೀಸು ಮದುವೆ ಮನೆ. ಸಂದೇಶಗಳ ಮೇಲೆ ಸಂದೇಶ. ಬೈದವರೂ ಇದ್ದರು, ಯಾಕೆ ಅಳಿಸಿದಿರಿ ಎಂದು. ಮಲ್ಲಪ್ಪನದು ಚಿಕ್ಕ ಸಂದೇಶ, ಹಿಂದೆ ಈ ಸಲ ಯಂತ್ರದ ಸದ್ದಿರಲಿಲ್ಲ. “ಅಕ್ಕಾರ, ಈಗ ಸಮಾಧಾನ ಆತ್ರಿ. ಹೋಗಿ ಹೇಳಿದ್ಲಲ್ಲ, ಸಾಕು.”

ನೇತ್ರಾ ನನಗೆ ಪೇಢೆ ಕೊಡುತ್ತಾ ಪಕ್ಕಕ್ಕೆ ಕರೆದಳು.

“ಒಂದು ತೂತು ಉಳಕೊಂಡೈತ್ರಿ ಮೇಡಂ.”

“ಎಲ್ಲಿ?” ನಾನು ಗಾಬರಿಯಾದೆ.

“ಚಂದ್ರಿಕಾ ಹೋಗಿ ಹೇಳಿದ್ಲು. ನೀವು ಇನ್ನೂ ಹೋಗಿಲ್ಲ.”

ಅದಕ್ಕೆ ಯಾವ ಪುಟ್ಟಿಯೂ ಸಿಗಲಿಲ್ಲ. ಹಳೆಯ ಸಹೋದ್ಯೋಗಿಗಳಿಗೆ ಫೋನು ಹಚ್ಚಿ ವಿಳಾಸ ಹಿಡಿದೆ. ಮರುದಿನ ಬೆಳಗ್ಗೆ ಮೆಟ್ರೋ ಹತ್ತಿ ಟಿ. ದಾಸರಹಳ್ಳಿಯಲ್ಲಿ ಇಳಿದೆ. ಸಂದಿಯೊಳಗೆ ಸಂದಿ, ಮೇಲಿನ ಮಹಡಿ. ರಂಗಪ್ಪನವರೇ ಬಾಗಿಲು ತೆಗೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಊರುಗೋಲು.

“ಗಿರಿಜಾ ಮೇಡಂ ಅಲ್ವರಾ? ಅಯ್ಯೋ ಬನ್ನಿ ಬನ್ನಿ, ಇಂಗೆ ಕುಂತ್ಕಳಿ!”

ಅವರ ಹೆಂಡತಿ ಸಾಕಮ್ಮ ನೀರು ತಂದುಕೊಟ್ಟರು. “ನೀವಾದ್ರೂ ಬುದ್ಧಿ ಯೋಳಿ ಮೇಡಂ. ಅತಿ ಭಾರ ಎತ್ತಕ್ಕೋಗಿ ಕಾಲು ಕಳ್ಕಂಡೋರು, ಇವತ್ತೂ ಸಿಲಿಂಡರ್ ಎತ್ತಕ್ಕೋಯ್ತಾರೆ. ಆತುರದ ಮನ್ಸ” ಎಂದು ಬೈಯುತ್ತಾ ಒಳಗೆ ಹೋದರು. ರಂಗಪ್ಪ ನಕ್ಕರು. ಆ ಬೈಗುಳ ಕೇಳಿ ಕೇಳಿ ರೂಢಿಯಾದ ನಗು.

ನಾನು ಪರ್ಸಿನಿಂದ ಟ್ಯಾಗು ತೆಗೆದು ಅವರ ಕೈಗೆ ಕೊಟ್ಟೆ. ಹೇಳಿದೆ. ಕೊಕ್ಕೆಯಲ್ಲಿ ಬಿರುಕು ಇತ್ತು, ನಾನು ನೋಡಿದ್ದೆ, ಕಟ್ಟಿದ್ದೆ, ಮ್ಯಾನೇಜರ್ ಮಾತಿಗೆ ನಾನೇ ಬಿಚ್ಚಿದೆ, ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ. ಕ್ಷಮಿಸಿ ಎಂದು ಕೈ ಮುಗಿದೆ. ಅವರು ನನ್ನನ್ನು ಬೈಯಬೇಕೆಂದು ಕಾಯುತ್ತಾ ಕೂತೆ.

ರಂಗಪ್ಪ ಟ್ಯಾಗಿನ ಮೇಲಿನ ನನ್ನ ಸಹಿಯನ್ನೇ ನೋಡುತ್ತಿದ್ದರು. “ಅವತ್ತು ನಾನು ಎತ್ತಿದ್ದು ದಿನಾ ಎತ್ತೋ ಭಾರಾನೇ ಮೇಡಂ. ಎಷ್ಟು ಯೋಳಿದ್ರೂ ಯಾರೂ ನಂಬ್ಲಿಲ್ಲ. ಬರ್ತಾ ಬರ್ತಾ ನಂಗೇ ಅನ್ಮಾನ ಬಂದ್ಬುಟ್ಟಿತ್ತು” ಅಂದರು. ಆಮೇಲೆ ಊರುಗೋಲು ಹಿಡಿದು ಎದ್ದು ನಿಂತು ಅಡುಗೆಮನೆಯ ಕಡೆ ಕೂಗಿದರು.

“ಸಾಕಮ್ಮಾ, ಒಲೆ ಆರ್ಸಿ ಈಚೆ ಬಾ.”

ಸಾಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ರಂಗಪ್ಪ ನನ್ನ ಕಡೆ ತಿರುಗಿದರು.

“ಈಗ ಯೋಳಿದ್ರಲ್ಲ ಮೇಡಂ, ಇನ್ನ ಒಂದ್ಸಲ ಯೋಳಿ. ಇವ್ಳಿಗೂ ಕೇಳ್ಸೋ ಅಂಗೆ.”

ನಾನು ಮೊದಲಿನಿಂದ ಹೇಳಿದೆ, ಜೋರಾಗಿ.